ಕಲ್ಲು ಹರಿಯುವ ಹೊತ್ತು



ನಾನು ಚಿಕ್ಕವನಾಗಿದ್ದಾಗ ನಮ್ಮೂರಿನ ರಸ್ತೆಗೆ ಡಾಂಬರು ಹಾಕುವ ಕೆಲಸ ನಡೆದಿತ್ತು. ಕೆಲಸ ಮುಗಿದ ಮೇಲೆ ಡಾಂಬರಿನ ಒಂದು ಪೀಪಾಯಿ ರಸ್ತೆಯ ಪಕ್ಕದಲ್ಲೇ ಉಳಿದುಬಿಟ್ಟಿತು. ಚಳಿಗಾಲದ ಬೆಳಿಗ್ಗೆ ಶಾಲೆಗೆ ಹೋಗುವಾಗ ನಾವು ಹುಡುಗರು ಆ ಡಾಂಬರಿಗೆ ಕಲ್ಲಿನಿಂದ ಹೊಡೆದರೆ ಅದು ಗಾಜಿನಂತೆ ಚೂರುಚೂರಾಗಿ ಸಿಡಿಯುತ್ತಿತ್ತು. ಬೇಸಿಗೆ ರಜೆ ಕಳೆದು ಮತ್ತೆ ಶಾಲೆ ಶುರುವಾದಾಗ ನೋಡಿದರೆ, ಅದೇ ಡಾಂಬರು ಪೀಪಾಯಿಯ ಸೀಳಿನಿಂದ ಇಳಿದು ನೆಲದ ಮೇಲೆ ನಾಲಿಗೆ ಚಾಚಿದಂತೆ ಹರಡಿಕೊಂಡಿತ್ತು. ಅದು ಹರಿಯುವುದನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಆದರೆ ಹರಿದದ್ದಂತೂ ನಿಜ.

ಹಾಗಾದರೆ ಡಾಂಬರು ಘನವೋ ದ್ರವವೋ? ಈ ಪ್ರಶ್ನೆಯನ್ನೇ ಇಂದು ನಾವು ಇನ್ನೂ ಗಟ್ಟಿಯಾದ ಒಂದು ವಸ್ತುವಿನ ಬಗ್ಗೆ ಕೇಳೋಣ. ಅದು ಕಲ್ಲು. ನಮ್ಮ ಮನೆಗಳ ಅಡಿಪಾಯದ ಕಲ್ಲು, ಬೆಟ್ಟಗಳ ಕಲ್ಲು, ನಮ್ಮ ಕಾಲ ಕೆಳಗೆ ಸಾವಿರಾರು ಕಿಲೋಮೀಟರ್ ಆಳದವರೆಗೂ ಇರುವ ಕಲ್ಲು.

ಈ ವಿಷಯವನ್ನು ಆರಿಸಿಕೊಳ್ಳಲು ನನಗೆ ಒಂದು ಕಾರಣವಿದೆ. ಅದು ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಭೂಕಂಪವನ್ನು ಕುರಿತ ಒಂದು ಕಾರ್ಯಕ್ರಮವನ್ನು ನಾನು ನಿರ್ಮಿಸಿದ್ದೆ. ಅದರ ನಿರೂಪಣೆಯಲ್ಲಿ, ಭೂಮಿಯ ತೆಳುವಾದ ಚಿಪ್ಪಿನ ಕೆಳಗೆ ಕರಗಿದ ಶಿಲೆಯ ಸಾಗರವಿದೆ, ಖಂಡಗಳು ಅದರ ಮೇಲೆ ತೇಲುತ್ತಿವೆ ಎಂಬ ಮಾತಿತ್ತು. ಅದನ್ನು ಬರೆದವನು ನಾನೇ. ಕೇಳಲು ಚೆನ್ನಾಗಿತ್ತು. ಪ್ರಸಾರವಾದ ಒಂದೆರಡು ವಾರಗಳಲ್ಲಿ ಪಿ.ಯು.ಸಿ. ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯಿಂದ ಪತ್ರ ಬಂತು. ಭೂಕಂಪದ ಎಸ್ ತರಂಗಗಳು ದ್ರವದ ಮೂಲಕ ಹಾಯಲಾರವು ಎಂದು ಆಕೆ ಪುಸ್ತಕದಲ್ಲಿ ಓದಿದ್ದಳು. ಆ ತರಂಗಗಳು ಚಿಪ್ಪಿನ ಕೆಳಗಿನ ಪದರವಾದ ಮ್ಯಾಂಟಲ್ ಅನ್ನು ಹಾದುಹೋಗುತ್ತವೆ ಎಂದೂ ಓದಿದ್ದಳು. ಹಾಗಿದ್ದರೆ ಅಲ್ಲಿ ಸಾಗರವಿರಲು ಹೇಗೆ ಸಾಧ್ಯ ಎಂಬುದು ಆಕೆಯ ಮೊದಲ ಪ್ರಶ್ನೆ. ಸಾಗರವಿಲ್ಲದಿದ್ದರೆ ಖಂಡಗಳು ಚಲಿಸುವುದಾದರೂ ಹೇಗೆ ಎಂಬುದು ಎರಡನೆಯದು.

ಮೊದಲ ಪ್ರಶ್ನೆಗೆ ಉತ್ತರಿಸುವುದು ಸುಲಭವಾಗಿತ್ತು. ನನ್ನ ತಪ್ಪನ್ನು ಒಪ್ಪಿಕೊಂಡು ಒಂದು ಕಾರ್ಡು ಬರೆದೆ. ಎರಡನೆಯದಕ್ಕೆ ಕಾರ್ಡಿನಲ್ಲಿ ಜಾಗ ಸಾಲಲಿಲ್ಲ. ನಿಜ ಹೇಳಬೇಕೆಂದರೆ, ವಿಜ್ಞಾನದಲ್ಲಿ ಪದವಿ ಪಡೆದಿದ್ದರೂ ಅಂದು ನನಗೆ ಅದರ ಉತ್ತರ ಸರಿಯಾಗಿ ಗೊತ್ತಿರಲಿಲ್ಲ. ಇಂದಿನ ಭಾಷಣ ಆ ಎರಡನೆಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಕಣ್ಣಿಗೆ ಕಾಣುವ ಸಾಕ್ಷ್ಯದಿಂದ ಆರಂಭಿಸೋಣ. ಬೆಂಗಳೂರಿನ ಲಾಲ್‌ಬಾಗ್‌ಗೆ ನಿಮ್ಮಲ್ಲಿ ಅನೇಕರು ಹೋಗಿರಬಹುದು. ಅಲ್ಲಿ ಕೆಂಪೇಗೌಡರ ಗೋಪುರವಿರುವ ದೊಡ್ಡ ಬಂಡೆಯನ್ನು ಹತ್ತಿಯೂ ಇರಬಹುದು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೈಸ್ ಎಂಬ ಜಾತಿಯ ಆ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಮುಂದಿನ ಸಲ ಹೋದಾಗ ನಗರದ ನೋಟವನ್ನು ಸ್ವಲ್ಪ ಹೊತ್ತು ಮರೆತು ನಿಮ್ಮ ಪಾದದ ಹತ್ತಿರ ನೋಡಿ. ಬಿಳಿ ಮತ್ತು ಕಪ್ಪು ಪಟ್ಟೆಗಳು ಕಾಣುತ್ತವೆ. ಬಿಳಿಯವು ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳು. ಕಪ್ಪಗಿರುವವು ಮುಖ್ಯವಾಗಿ ಅಭ್ರಕದಂಥ ಖನಿಜಗಳು. ಈ ಪಟ್ಟೆಗಳು ಗೆರೆ ಎಳೆದಂತೆ ನೇರವಾಗಿಲ್ಲ. ಅಲ್ಲಲ್ಲಿ ಬಾಗಿವೆ, ಬಳುಕಿವೆ, ಮಡಿಚಿಕೊಂಡಿವೆ. ಎರಡು ಬಣ್ಣದ ಹಿಟ್ಟನ್ನು ಸೇರಿಸಿ ನಾದಿದರೆ ಹೇಗೆ ಕಾಣುತ್ತದೋ ಹಾಗೆ.

ಆ ಬಂಡೆಯ ಒಂದು ತುಂಡನ್ನು ಸುತ್ತಿಗೆಯಿಂದ ಹೊಡೆದರೆ ಅದು ಬಾಗುವುದಿಲ್ಲ, ಒಡೆಯುತ್ತದೆ. ಆದರೂ ಅದರ ಮೈಯ ಮೇಲೆ ಬಾಗಿದ ಗುರುತುಗಳಿವೆ. ಅದು ಬಾಗಿದ್ದು ಎಂದು? ಎಲ್ಲಿ? ಉತ್ತರ ಹೀಗಿದೆ: ಈಗ ಲಾಲ್‌ಬಾಗ್‌ನಲ್ಲಿ ಬಿಸಿಲು ಕಾಯುತ್ತಿರುವ ಶಿಲೆ ಒಂದು ಕಾಲದಲ್ಲಿ ನೆಲದಿಂದ ಅನೇಕ ಕಿಲೋಮೀಟರ್ ಆಳದಲ್ಲಿತ್ತು. ಅಲ್ಲಿ ಅದು ಬಿಸಿಯಾಗಿತ್ತು. ಎಲ್ಲ ಕಡೆಗಳಿಂದಲೂ ಅದುಮಲ್ಪಟ್ಟಿತ್ತು. ಜೊತೆಗೆ ಅದಕ್ಕೆ ಬೇಕಾದಷ್ಟು ಸಮಯವಿತ್ತು. ತಾಪ, ಒತ್ತಡ, ಕಾಲ - ಈ ಮೂರು ಮಾತುಗಳನ್ನು ದಯವಿಟ್ಟು ನೆನಪಿನಲ್ಲಿಡಿ. ಮೇಲಿನ ಶಿಲೆ ಕೋಟ್ಯಂತರ ವರ್ಷ ಸವೆದು ಹೋದ ಮೇಲೆ, ಆಳದಲ್ಲಿ ಬಾಗಿದ ಆ ಕಲ್ಲು ನಮ್ಮ ಕಣ್ಣಿಗೆ ಬಿತ್ತು.

ಕಲ್ಲು ಬಾಗುವುದನ್ನು ಪ್ರಯೋಗದಿಂದ ತೋರಿಸಲು ಹೊರಟವರಲ್ಲಿ ಸ್ಕಾಟ್‌ಲೆಂಡಿನ ಸರ್ ಜೇಮ್ಸ್ ಹಾಲ್ ಮೊದಲಿಗರು. ಸಮುದ್ರ ತೀರದ ಕಡಿದಾದ ಬಂಡೆಗಳಲ್ಲಿ ಶಿಲಾಪದರಗಳು ಅಲೆಯಲೆಯಾಗಿ ಮಡಿಚಿರುವುದನ್ನು ಅವರು ಕಂಡಿದ್ದರು. ಮೇಜಿನ ಮೇಲೆ ಬಟ್ಟೆಗಳನ್ನು ಒಂದರ ಮೇಲೊಂದರಂತೆ ಹಾಸಿದರು. ಮೇಲೆ ಒಂದು ಬಾಗಿಲಿನ ಹಲಗೆಯಿಟ್ಟು ಭಾರ ಹೇರಿದರು. ಎರಡು ಪಕ್ಕಗಳಿಂದ ಒತ್ತಿದಾಗ ಬಟ್ಟೆಗಳು ತೀರದ ಶಿಲಾಪದರಗಳಂತೆಯೇ ಮಡಿಚಿಕೊಂಡವು. ಇದನ್ನು ಅವರು 1815 ರಲ್ಲಿ ಪ್ರಕಟಿಸಿದರು. ಆದರೆ ಬಟ್ಟೆ ಬಟ್ಟೆಯೇ, ಕಲ್ಲಲ್ಲ. ನಿಜವಾದ ಕಲ್ಲನ್ನೇ ಬಾಗಿಸುವ ಕೆಲಸಕ್ಕೆ ಇನ್ನೂ ಮುಕ್ಕಾಲು ಶತಮಾನ ಕಾಯಬೇಕಾಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡಾಸನ್ ಆಡಮ್ಸ್ ಎಂಬ ಭೂವಿಜ್ಞಾನಿ ಅಮೃತಶಿಲೆಯ ಉರುಳೆಗಳನ್ನು ದಪ್ಪ ಕಬ್ಬಿಣದ ಕೊಳವೆಗಳಲ್ಲಿ ಬಿಗಿಯಾಗಿ ಕೂರಿಸಿ ಮೇಲಿನಿಂದ ಅದುಮಿದರು. ಒಡೆಯಲು ಸುತ್ತಮುತ್ತ ಅವಕಾಶವಿಲ್ಲದ ಅಮೃತಶಿಲೆ ಕುಳ್ಳಾಗಿ, ನಡುವೆ ಉಬ್ಬಿ, ಪೀಪಾಯಿಯ ಆಕಾರ ತಳೆಯಿತು. 1911 ರಲ್ಲಿ ಥಿಯೊಡೊರ್ ಫಾನ್ ಕಾರ್ಮನ್ ಇನ್ನೂ ಅಚ್ಚುಕಟ್ಟಾಗಿ, ಕಲ್ಲಿನ ಸುತ್ತ ದ್ರವದ ಒತ್ತಡವನ್ನಿರಿಸಿ ಇದನ್ನೇ ತೋರಿಸಿದರು. ಮುಂದೆ ವಿಮಾನವಿಜ್ಞಾನದಲ್ಲಿ ಬಹು ದೊಡ್ಡ ಹೆಸರು ಮಾಡಿದ ಕಾರ್ಮನ್ ಇವರೇ. ಸುತ್ತಲಿನ ಒತ್ತಡ ಹೆಚ್ಚಿದಂತೆ ಕಲ್ಲು ಬಿರುಕು ಬಿಡುವುದನ್ನು ಬಿಟ್ಟು ಬಾಗತೊಡಗುತ್ತದೆ ಎಂಬುದು ಹೀಗೆ ಖಚಿತವಾಯಿತು.

ಒತ್ತಡದ ಮಾತಾಯಿತು. ಇನ್ನುಳಿದದ್ದು ತಾಪ ಮತ್ತು ಕಾಲ. ಇಲ್ಲಿ ಸಂಶೋಧಕನಿಗೆ ಒಂದು ದೊಡ್ಡ ತೊಡಕಿದೆ. ಭೂಮಿಯ ಆಳದಲ್ಲಿ ಶಿಲೆ ವಿರೂಪಗೊಳ್ಳುವ ವೇಗ ಎಷ್ಟು ಕಡಿಮೆಯೆಂದರೆ, ಒಂದು ತುಂಡು ತನ್ನ ಉದ್ದದಷ್ಟೇ ಮತ್ತೊಂದು ಪಾಲು ಹಿಗ್ಗಲು ಸಾಮಾನ್ಯವಾಗಿ 30 ಲಕ್ಷ ವರ್ಷಗಳಾದರೂ ಬೇಕು. ಸಂಶೋಧನ ವಿದ್ಯಾರ್ಥಿಗೆ ಸಿಗುವುದು ನಾಲ್ಕೈದು ವರ್ಷ. ಏನು ಮಾಡುವುದು?

ಒಂದು ದಾರಿ, ತಾಳ್ಮೆಯಿಂದ ಕಾಯುವುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ ಎಂಬ ಪ್ರಾಧ್ಯಾಪಕರು 1927 ರಲ್ಲಿ ಡಾಂಬರಿನ ಜಾತಿಯ ಪಿಚ್ ಎಂಬ ವಸ್ತುವನ್ನು ಕಾಯಿಸಿ ಗಾಜಿನ ಆಲಿಕೆಗೆ ಸುರಿದರು. ಅದು ಕೂರಲೆಂದು ಮೂರು ವರ್ಷ ಬಿಟ್ಟು 1930 ರಲ್ಲಿ ಆಲಿಕೆಯ ಬಾಯನ್ನು ತೆರೆದರು. ಪಿಚ್ ಹನಿ ಹನಿಯಾಗಿ ಬೀಳತೊಡಗಿತು. ಆದರೆ ಒಂದೊಂದು ಹನಿಗೆ ಎಂಟು ಹತ್ತು ವರ್ಷ! ಒಂಬತ್ತನೆಯ ಹನಿ ಕೆಳಗಿಳಿದದ್ದು 2014 ರಲ್ಲಿ. ಆ ಪ್ರಯೋಗವನ್ನು ಐವತ್ತು ವರ್ಷ ನೋಡಿಕೊಂಡ ಜಾನ್ ಮೇನ್‌ಸ್ಟೋನ್ ಅವರು ಒಂದು ಹನಿ ಬೀಳುವುದನ್ನೂ ಕಣ್ಣಾರೆ ಕಾಣದೆ 2013 ರಲ್ಲಿ ತೀರಿಕೊಂಡರು. 1988 ರಲ್ಲಿ ಅವರು ಕೆಲವೇ ನಿಮಿಷ ಆಚೆ ಹೋಗಿದ್ದಾಗ ಹನಿ ಬಿದ್ದಿತ್ತು. 2000 ದಲ್ಲಿ ಕ್ಯಾಮೆರಾ ಇಟ್ಟು ಕಾದರು. ಹನಿ ಬೀಳುವ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಕೈಕೊಟ್ಟಿತು. ಟೆಲಿವಿಷನ್ ಕೆಲಸದಲ್ಲಿರುವ ನನ್ನಂಥವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾಗುತ್ತದೆ.

ಜಪಾನಿನಲ್ಲಿ ಕುಮಗಾಯಿ ಮತ್ತು ಇಟೊ ಎಂಬ ವಿಜ್ಞಾನಿಗಳು 1957 ರಲ್ಲಿ ಇಂಥದೇ ತಾಳ್ಮೆಯಿಂದ ಗ್ರಾನೈಟ್ ಕಲ್ಲಿನ ಪಟ್ಟಿಗಳ ಮೇಲೆ ಭಾರವಿಟ್ಟು, ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಬಾಗುವಿಕೆಯನ್ನು ದಶಕಗಟ್ಟಲೆ ಅಳೆದರು. ಆದರೆ ಭೂಮಿಯ ಲೆಕ್ಕದಲ್ಲಿ ದಶಕಗಳೂ ಒಂದು ಕ್ಷಣವೇ.

ಎರಡನೆಯ ದಾರಿ ಜಾಣತನದ್ದು. ಕಾಲದ ಬದಲಿಗೆ ತಾಪವನ್ನು ಕೊಡುವುದು. ಅಡುಗೆ ಮನೆಯಲ್ಲಿ ನೀವು ಇದನ್ನು ಕಂಡಿದ್ದೀರಿ. ತಣ್ಣಗಿನ ಬೆಲ್ಲದ ಪಾಕ ಸೌಟಿನಿಂದ ಬೀಳಲು ಹಠ ಮಾಡುತ್ತದೆ. ಬಿಸಿ ಮಾಡಿದರೆ ಸರಾಗವಾಗಿ ಸುರಿಯುತ್ತದೆ. ಕಲ್ಲಿನಲ್ಲಿಯೂ ಅಷ್ಟೆ. ಆಳದಲ್ಲಿ ಕಡಿಮೆ ತಾಪದಲ್ಲಿ ಲಕ್ಷಾಂತರ ವರ್ಷಗಳಲ್ಲಿ ಆಗುವ ವಿರೂಪವನ್ನು ಪ್ರಯೋಗಾಲಯದಲ್ಲಿ ಹೆಚ್ಚು ತಾಪದಲ್ಲಿ ಕೆಲವು ಗಂಟೆ, ಕೆಲವು ದಿನಗಳಲ್ಲಿ ಮಾಡಿಸಬಹುದು. ಹಲವು ತಾಪಗಳಲ್ಲಿ, ಹಲವು ಒತ್ತಾಯಗಳಲ್ಲಿ ವೇಗವನ್ನು ಅಳೆದು ಅವುಗಳ ನಡುವಿನ ಗಣಿತದ ನಿಯಮವನ್ನು ಕಂಡುಹಿಡಿದರೆ, ಆ ನಿಯಮವನ್ನು ಹಿಡಿದು ಭೂಮಿಯ ನಿಧಾನ ವೇಗಕ್ಕೆ ಲೆಕ್ಕ ಹಾಕಬಹುದು. ಅಮೆರಿಕದ ಡೇವಿಡ್ ಗ್ರಿಗ್ಸ್ 1930 ರ ದಶಕದಿಂದ ಈ ದಾರಿಯನ್ನು ಹದಗೊಳಿಸಿದವರಲ್ಲಿ ಪ್ರಮುಖರು. ಇಂಥ ನಿಧಾನ ಹರಿವಿಗೆ ವಿಜ್ಞಾನಿಗಳು 'ಕ್ರೀಪ್' ಎನ್ನುತ್ತಾರೆ. ತೆವಳುವಿಕೆ ಎಂದು ಕರೆಯಬಹುದು.

ಕರಗದೆ, ಒಡೆಯದೆ, ಗಟ್ಟಿಯಾಗಿದ್ದುಕೊಂಡೇ ಕಲ್ಲು ಹರಿಯುವುದು ಹೇಗೆ? ಈ ಗುಟ್ಟು ಖನಿಜದ ಹರಳಿನೊಳಗೆ ಇದೆ. ಹರಳಿನಲ್ಲಿ ಪರಮಾಣುಗಳು ಸಾಲುಸಾಲಾಗಿ, ಕವಾಯಿತಿಗೆ ನಿಂತ ವಿದ್ಯಾರ್ಥಿಗಳಂತೆ ಜೋಡಣೆಗೊಂಡಿರುತ್ತವೆ. ಆದರೆ ಯಾವ ಹರಳೂ ಪರಿಪೂರ್ಣವಲ್ಲ. ಎಲ್ಲೋ ಒಂದು ಸಾಲು ಅರ್ಧಕ್ಕೇ ನಿಂತಿರುತ್ತದೆ, ಎಲ್ಲೋ ಒಂದು ಸ್ಥಾನ ಖಾಲಿಯಿರುತ್ತದೆ. ಅರ್ಧಕ್ಕೆ ನಿಂತ ಸಾಲಿನ ದೋಷಕ್ಕೆ 'ಡಿಸ್‌ಲೊಕೇಶನ್' ಎಂದು ಹೆಸರು. ಟೇಲರ್, ಒರೊವಾನ್, ಪೊಲಾನಿ ಎಂಬ ಮೂವರು 1934 ರಲ್ಲಿ, ಪ್ರತ್ಯೇಕವಾಗಿ, ಈ ದೋಷಗಳಿಂದಲೇ ಹರಳುಗಳು ಸುಲಭವಾಗಿ ಆಕಾರ ಬದಲಿಸುತ್ತವೆಂದು ವಿವರಿಸಿದರು.

ಮದುವೆ ಮನೆಯಲ್ಲಿ ಉದ್ದನೆಯ ಜಮಖಾನ ಹಾಸಿದ ಮೇಲೆ ಅದನ್ನು ಒಂದು ಗೇಣು ಮುಂದಕ್ಕೆ ಸರಿಸಬೇಕಾಗಿದೆ ಎಂದುಕೊಳ್ಳಿ. ಇಡೀ ಜಮಖಾನವನ್ನು ಒಮ್ಮೆಗೆ ಎಳೆಯಲು ನಾಲ್ಕು ಆಳುಗಳು ಬೇಕು. ಆದರೆ ಒಂದು ತುದಿಯಲ್ಲಿ ಚಿಕ್ಕ ಸುಕ್ಕು ಮಾಡಿ, ಆ ಸುಕ್ಕನ್ನು ಕಾಲಿನಿಂದ ತಳ್ಳುತ್ತ ಇನ್ನೊಂದು ತುದಿಯವರೆಗೆ ಕೊಂಡೊಯ್ದರೆ ಒಬ್ಬನೇ ಆ ಕೆಲಸ ಮುಗಿಸಬಹುದು. ಹರಳಿನಲ್ಲಿ ಡಿಸ್‌ಲೊಕೇಶನ್ ಮಾಡುವ ಕೆಲಸ ಆ ಸುಕ್ಕಿನದು. ಅದು ಹರಳನ್ನು ಹಾದುಹೋದಾಗಲೆಲ್ಲ ಹರಳಿನ ಒಂದು ಭಾಗ ಇನ್ನೊಂದರ ಮೇಲೆ ಒಂದು ಪರಮಾಣುವಿನಷ್ಟು ಸರಿಯುತ್ತದೆ. ತಾಪ ಹೆಚ್ಚಿದಂತೆ ಸುಕ್ಕುಗಳ ಓಡಾಟ ಸುಗಮವಾಗುತ್ತದೆ. ಖಾಲಿ ಸ್ಥಾನಗಳಿಗೆ ಪರಮಾಣುಗಳು ಜಿಗಿದು, ಅದರಿಂದಲೂ ಹರಳಿನ ಆಕಾರ ಬದಲಾಗಬಹುದು. ಇಷ್ಟೆಲ್ಲ ನಡೆಯುವಾಗಲೂ ಕಲ್ಲು ಎಲ್ಲಿಯೂ ಕರಗಿರುವುದಿಲ್ಲ.

ಇದರಲ್ಲಿ ನೀರಿನ ಪಾತ್ರವೂ ಸೋಜಿಗದ್ದು. ಕ್ವಾರ್ಟ್ಸ್ ಹರಳಿನೊಳಗೆ ಅತ್ಯಲ್ಪ ನೀರಿನ ಅಂಶ ಸೇರಿಕೊಂಡಿದ್ದರೆ ಅದರ ಬಲ ಬಹಳವಾಗಿ ಕುಗ್ಗುತ್ತದೆಂದು ಗ್ರಿಗ್ಸ್ ಮತ್ತು ಬ್ಲೇಸಿಕ್ 1965 ರಲ್ಲಿ ತೋರಿಸಿದರು. ಒಂದೊಂದು ಖನಿಜದ ಸ್ವಭಾವವೂ ಬೇರೆ. ಅಡುಗೆಗೆ ಬಳಸುವ ಉಪ್ಪಿನ ಜಾತಿಯ ಶಿಲೆಯಂತೂ ಹರಿಯಲು ಆಳಕ್ಕೆ ಹೋಗಬೇಕಾಗಿಯೇ ಇಲ್ಲ. ಇರಾನಿನ ಝಾಗ್ರೊಸ್ ಪರ್ವತಗಳಲ್ಲಿ ನೆಲದೊಳಗಿನಿಂದ ಮೇಲೆದ್ದ ಉಪ್ಪು ಬೆಟ್ಟದ ಇಳಿಜಾರಿನಲ್ಲಿ ಹಿಮನದಿಯಂತೆ ಕೆಳಕ್ಕೆ ಇಳಿಯುತ್ತಿದೆ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ನೆಲದಿಂದ 655 ಮೀಟರ್ ಆಳದ ಉಪ್ಪಿನ ಪದರದಲ್ಲಿ ಕೊಠಡಿಗಳನ್ನು ಕೊರೆದು 1999 ರಿಂದ ಪರಮಾಣು ತ್ಯಾಜ್ಯವನ್ನು ಇಡಲಾಗುತ್ತಿದೆ. ಆ ಜಾಗವನ್ನು ಆರಿಸಿದ್ದಕ್ಕೆ ಉಪ್ಪಿನ ಈ ಗುಣವೇ ಒಂದು ಕಾರಣ. ಕೊಠಡಿಯ ಗೋಡೆಗಳು ತಾವಾಗಿಯೇ ನಿಧಾನವಾಗಿ ಒಳಕ್ಕೆ ಸರಿದು, ಕೊನೆಗೆ ತ್ಯಾಜ್ಯವನ್ನು ಅಪ್ಪಿಕೊಂಡು ಮುಚ್ಚಿಬಿಡುತ್ತವೆ.

ಪ್ರಯೋಗಾಲಯದ ನಿಯಮವನ್ನು ಇಡೀ ಭೂಮಿಗೆ ಅನ್ವಯಿಸುವಾಗ ಯಾರಿಗಾದರೂ ಅನುಮಾನ ಬರುವುದು ಸಹಜ. ಬೆರಳಿನ ಗಾತ್ರದ ಕಲ್ಲಿನಲ್ಲಿ ಕಂಡದ್ದು ಸಾವಿರಾರು ಕಿಲೋಮೀಟರ್ ಶಿಲೆಗೂ ನಿಜವೆ? ಇದನ್ನು ಪರೀಕ್ಷಿಸಲು ಪ್ರಕೃತಿಯೇ ಒಂದು ದೊಡ್ಡ ಪ್ರಯೋಗವನ್ನು ಮಾಡಿಟ್ಟಿದೆ. ಅದಕ್ಕಾಗಿ ನಾವು ಉತ್ತರ ಯುರೋಪಿನ ಸ್ವೀಡನ್ನಿಗೆ ಹೋಗಬೇಕು.

ತಾಪಮಾನದ ಅಳತೆಯ ಮೂಲಕ ನಿಮಗೆಲ್ಲ ಪರಿಚಿತರಾದ ಆಂಡರ್ಸ್ ಸೆಲ್ಸಿಯಸ್ ಅವರು ಆ ದೇಶದವರು. ಸ್ವೀಡನ್ನಿನ ತೀರದಲ್ಲಿ ಸೀಲ್ ಎಂಬ ಕಡಲಪ್ರಾಣಿಗಳು ಹತ್ತಿ ಮಲಗುವ ಬಂಡೆಗಳಿದ್ದವು. ಬೇಟೆಗಾರರಿಗೆ ಅವು ಬೆಲೆಬಾಳುವ ಆಸ್ತಿ. ಅವುಗಳ ಒಡೆತನದ ದಾಖಲೆಗಳೂ ಇದ್ದವು. ತಲೆಮಾರುಗಳು ಕಳೆದಂತೆ ಕೆಲವು ಬಂಡೆಗಳು ನೀರಿನಿಂದ ತೀರ ಮೇಲೆದ್ದು ಸೀಲ್‌ಗಳು ಹತ್ತಲಾರದಂತಾದವು. ಸೆಲ್ಸಿಯಸ್ ಇದನ್ನು ಗಮನಿಸಿ, 1731 ರಲ್ಲಿ ಲೋವ್‌ಗ್ರುಂಡ್ ಎಂಬ ದ್ವೀಪದ ಬಂಡೆಯೊಂದರ ಮೇಲೆ ಸಮುದ್ರದ ಮಟ್ಟಕ್ಕೆ ಸರಿಯಾಗಿ ಒಂದು ಗುರುತು ಕೆತ್ತಿಸಿದರು. ಇಂದು ಆ ಗುರುತು ನೀರಿನಿಂದ ಬಹಳ ಮೇಲಿದೆ. ಸಮುದ್ರದ ನೀರು ಕಡಿಮೆಯಾಗುತ್ತಿದೆ ಎಂದು ಸೆಲ್ಸಿಯಸ್ ಭಾವಿಸಿದ್ದರು. ಅವರ ಅಳತೆ ಸರಿ, ಕಾರಣ ತಪ್ಪು. ಇಳಿಯುತ್ತಿರುವುದು ನೀರಲ್ಲ, ಏಳುತ್ತಿರುವುದು ನೆಲ.

ನೆಲ ಏಕೆ ಏಳಬೇಕು? ಹಿಮಯುಗದಲ್ಲಿ ಆ ಪ್ರದೇಶದ ಮೇಲೆ 2-3 ಕಿಲೋಮೀಟರ್ ದಪ್ಪದ ಹಿಮ ಕೂತಿತ್ತು. ಆ ಭಾರಕ್ಕೆ ನೆಲ ತಗ್ಗಿತು. ಕೆಳಗಿನ ಮ್ಯಾಂಟಲ್ ಶಿಲೆ ಪಕ್ಕಗಳಿಗೆ ಸರಿದುಕೊಂಡಿತು. ಸುಮಾರು 10,000 ವರ್ಷಗಳ ಹಿಂದೆ ಹಿಮ ಕರಗಿಹೋಯಿತು. ಭಾರ ಹೋದ ಮೇಲೆ ಸರಿದುಹೋಗಿದ್ದ ಶಿಲೆ ಮೆಲ್ಲನೆ ಹಿಂತಿರುಗುತ್ತಿದೆ, ನೆಲವನ್ನು ಮೇಲೆತ್ತುತ್ತಿದೆ. ಹತ್ತಿಯ ಹಾಸಿಗೆಯಿಂದ ಎದ್ದ ಮೇಲೆ ತಗ್ಗು ನಿಧಾನವಾಗಿ ತುಂಬಿಕೊಳ್ಳುವುದಿಲ್ಲವೆ, ಹಾಗೆ. ಬಾತ್ನಿಯಾ ಕೊಲ್ಲಿಯ ತೀರದಲ್ಲಿ ನೆಲ ಈಗಲೂ ವರ್ಷಕ್ಕೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಏಳುತ್ತಿದೆ. ಒಂದು ಕಾಲದ ಸಮುದ್ರ ತೀರದ ಗುರುತುಗಳು ಅಲ್ಲಿನ ಬೆಟ್ಟಗಳ ಮೇಲೆ 280 ಮೀಟರಿಗಿಂತಲೂ ಎತ್ತರದಲ್ಲಿ ಕಾಣಸಿಗುತ್ತವೆ.

ತಗ್ಗು ತುಂಬಿಕೊಳ್ಳುವ ವೇಗ ತಿಳಿದರೆ ಕೆಳಗಿನ ವಸ್ತು ಎಷ್ಟು ಮಂದ ಎಂದು ಲೆಕ್ಕ ಹಾಕಬಹುದು. ಅಮೆರಿಕದ ನಾರ್ಮನ್ ಹ್ಯಾಸ್ಕೆಲ್ 1935 ರಲ್ಲಿ ಈ ಲೆಕ್ಕ ಮಾಡಿದರು. ದ್ರವದ ಮಂದತೆಗೆ ಸ್ನಿಗ್ಧತೆ ಎಂದು ಹೆಸರು. ನೀರಿನ ಸ್ನಿಗ್ಧತೆ ಪ್ಯಾಸ್ಕಲ್ ಸೆಕೆಂಡ್ ಎಂಬ ಮಾನದಲ್ಲಿ ಒಂದು ಸಾವಿರದಲ್ಲಿ ಒಂದು ಪಾಲು. ಆಸ್ಟ್ರೇಲಿಯಾದ ಪಿಚ್ಚಿನದು ಹತ್ತಾರು ಕೋಟಿ. ಮ್ಯಾಂಟಲ್‌ನದು? 1 ರ ಮುಂದೆ 21 ಸೊನ್ನೆ! ಹ್ಯಾಸ್ಕೆಲ್ ಪಡೆದ ಆ ಸಂಖ್ಯೆಯನ್ನು ಇಂದಿಗೂ ವಿಜ್ಞಾನಿಗಳು ಮ್ಯಾಂಟಲ್‌ನ ಸರಾಸರಿಯಾಗಿ ಬಳಸುತ್ತಾರೆ.

ಈಗ ವಿದ್ಯಾರ್ಥಿನಿಯ ಪತ್ರಕ್ಕೆ ಮರಳೋಣ. ಇಷ್ಟೊತ್ತು ಕೂಡಿಸಿದ ಸಂಗತಿಗಳಿಂದ ಆಕೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬ್ರಿಟನ್ನಿನ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1867 ರಲ್ಲಿ ತೋರಿಸಿದಂತೆ, ಒಂದು ವಸ್ತುವಿಗೆ ತನ್ನದೇ ಆದ ಒಂದು ಕಾಲಮಾನವಿರುತ್ತದೆ. ಅದರ ಸ್ನಿಗ್ಧತೆಯನ್ನು ಅದರ ಬಿರುಸಿನಿಂದ ಭಾಗಿಸಿದರೆ ಆ ಕಾಲ ಸಿಗುತ್ತದೆ. ಆ ಕಾಲಕ್ಕಿಂತ ಬೇಗ ಬಂದುಹೋಗುವ ಒತ್ತಾಯಕ್ಕೆ ವಸ್ತು ಘನದಂತೆ ಎದುರು ನಿಲ್ಲುತ್ತದೆ. ಅದಕ್ಕಿಂತ ಬಹು ಕಾಲ ಉಳಿಯುವ ಒತ್ತಾಯಕ್ಕೆ ದ್ರವದಂತೆ ಮಣಿಯುತ್ತದೆ. ಮ್ಯಾಂಟಲ್‌ಗೆ ಆ ಕಾಲ ಕೆಲವು ನೂರು ವರ್ಷ. ಭೂಕಂಪದ ತರಂಗ ಬಂದು ಹೋಗುವುದು ಸೆಕೆಂಡುಗಳಲ್ಲಿ. ಆದ್ದರಿಂದ ಅದಕ್ಕೆ ಮ್ಯಾಂಟಲ್ ಉಕ್ಕಿನಷ್ಟು ಗಟ್ಟಿ. ಹಿಮದ ಭಾರ ಉಳಿದದ್ದು ಸಾವಿರಾರು ವರ್ಷ, ಖಂಡಗಳು ಚಲಿಸುವುದು ಕೋಟ್ಯಂತರ ವರ್ಷ. ಅವಕ್ಕೆ ಅದೇ ಮ್ಯಾಂಟಲ್ ಪಾಕದಂತೆ ಮೆದು. ಕಲ್ಲು ಒಂದೇ. ಅದನ್ನು ನಾವು ಎಷ್ಟು ಹೊತ್ತು ನೋಡುತ್ತೇವೆ ಎಂಬುದರ ಮೇಲೆ ಅದು ಘನವೋ ದ್ರವವೋ ಎಂಬುದು ನಿಂತಿದೆ. ವಸ್ತುವಿನ ಕಾಲಕ್ಕೂ ನೋಡುವವನ ಕಾಲಕ್ಕೂ ಇರುವ ಈ ಪ್ರಮಾಣಕ್ಕೆ ಮಾರ್ಕಸ್ ರೈನರ್ ಎಂಬ ವಿಜ್ಞಾನಿ 1964 ರಲ್ಲಿ 'ಡೆಬೋರಾ ಸಂಖ್ಯೆ' ಎಂದು ಹೆಸರಿಟ್ಟರು. ಡೆಬೋರಾ ಯಹೂದಿ ಧರ್ಮಗ್ರಂಥದಲ್ಲಿ ಬರುವ ಪ್ರವಾದಿನಿ. ಆಕೆಯ ಹಾಡಿನಲ್ಲಿ ಬೆಟ್ಟಗಳು ಹರಿಯುವ ಮಾತು ಬರುತ್ತದೆ.

ಇಷ್ಟು ಸರಳವಾಗಿ ಕಾಣುವ ಈ ವಿಚಾರಕ್ಕಾಗಿ ವಿಜ್ಞಾನ ಲೋಕ ಬಹಳ ಜಗಳವಾಡಿದೆ. ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912 ರಲ್ಲಿ ಖಂಡಗಳು ಚಲಿಸುತ್ತವೆ ಎಂದಾಗ, ಗಟ್ಟಿಯಾದ ಶಿಲೆಯ ನಡುವೆ ಖಂಡಗಳು ಸಾಗುವುದು ಅಸಾಧ್ಯವೆಂದು ಹೆರಾಲ್ಡ್ ಜೆಫ್ರೀಸ್ ಮೊದಲಾದ ದೊಡ್ಡ ವಿದ್ವಾಂಸರು ವಾದಿಸಿದರು. ಬ್ರಿಟನ್ನಿನ ಆರ್ಥರ್ ಹೋಮ್ಸ್ 1920 ರ ದಶಕದ ಕೊನೆಯಲ್ಲೇ, ಘನ ಮ್ಯಾಂಟಲ್ ಕೂಡ ತಾಪದಿಂದ ಮೆಲ್ಲನೆ ಸುತ್ತು ಹರಿಯಬಲ್ಲದು, ಖಂಡಗಳನ್ನು ಹೊತ್ತೊಯ್ಯಬಲ್ಲದು ಎಂದರು. ವೆಗೆನರ್ 1930 ರಲ್ಲಿ ಗ್ರೀನ್‌ಲೆಂಡಿನ ಹಿಮದಲ್ಲಿ ಮಡಿದರು. ಅವರ ಮೂಲ ವಿಚಾರವನ್ನು ಜಗತ್ತು ಒಪ್ಪಿದ್ದು 1960 ರ ದಶಕದಲ್ಲಿ.

ಇನ್ನು ನಮ್ಮ ದೇಶದ ಮಾತು. ನನ್ನ ವೃತ್ತಿಯ ಲೆಕ್ಕದಲ್ಲಿ ಹೇಳುತ್ತೇನೆ. ಟೆಲಿವಿಷನ್ನಿನಲ್ಲಿ ನೀವು ನೋಡುವ ಚಿತ್ರದಲ್ಲಿ ಸೆಕೆಂಡಿಗೆ 25 ಸ್ಥಿರಚಿತ್ರಗಳು ಸಾಗುತ್ತವೆ. ಮೊಗ್ಗು ಅರಳುವುದನ್ನು ತೋರಿಸಲು ನಾವು ಕೆಲವು ನಿಮಿಷಗಳಿಗೊಂದು ಚಿತ್ರ ತೆಗೆದು ಬೇಗ ಓಡಿಸುತ್ತೇವೆ. ಸಾವಿರ ವರ್ಷಕ್ಕೆ ಒಂದು ಚಿತ್ರ ತೆಗೆಯುವ ಕ್ಯಾಮೆರಾ ಇದ್ದಿದ್ದರೆ? ಭಾರತದ ಫಲಕ ಏಷ್ಯಾಕ್ಕೆ ಡಿಕ್ಕಿ ಹೊಡೆದು ಸುಮಾರು 5 ಕೋಟಿ ವರ್ಷಗಳಾದವು. ಅಂದರೆ 50,000 ಚಿತ್ರಗಳು. ಓಡಿಸಿದರೆ 33 ನಿಮಿಷ. ನಮ್ಮ ಅರ್ಧ ಗಂಟೆಯ ಕಾರ್ಯಕ್ರಮಕ್ಕಿಂತ ಸ್ವಲ್ಪ ಹೆಚ್ಚು. ಆ ಚಿತ್ರದಲ್ಲಿ ಕಲ್ಲು ಎಲ್ಲಿಯೂ ಕಲ್ಲಿನಂತೆ ಕಾಣುವುದಿಲ್ಲ. ಭಾರತ ಉತ್ತರಕ್ಕೆ ನುಗ್ಗುತ್ತಿದ್ದಂತೆ ಹಿಮಾಲಯ ಕಣಕದಂತೆ ಮಡಿಚಿ ಮೇಲೇಳುತ್ತದೆ, ಟಿಬೆಟ್ ಉಬ್ಬುತ್ತದೆ. ಮನುಷ್ಯನ ಬರಹದ ಇತಿಹಾಸವೆಲ್ಲ ಕೊನೆಯ ಐದಾರು ಚಿತ್ರಗಳಲ್ಲಿ ಮುಗಿದುಹೋಗುತ್ತದೆ. ನನ್ನ ನಿಮ್ಮ ಆಯುಷ್ಯ ಒಂದು ಚಿತ್ರದ ಹತ್ತನೆಯ ಒಂದು ಪಾಲೂ ಇಲ್ಲ.

ಆ ಹತ್ತನೆಯ ಒಂದು ಪಾಲಿನಲ್ಲಿಯೂ ಈ ಚಲನೆಯನ್ನು ಅಳೆಯಲು ಈಗ ಸಾಧ್ಯವಾಗಿದೆ. ಉಪಗ್ರಹಗಳ ಸಂಕೇತ ಹಿಡಿದು ನೆಲದ ಸ್ಥಾನವನ್ನು ಮಿಲಿಮೀಟರ್ ಮಟ್ಟದಲ್ಲಿ ಹೇಳುವ ಜಿ.ಪಿ.ಎಸ್. ಕೇಂದ್ರವೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990 ರ ದಶಕದಿಂದ ಕೆಲಸ ಮಾಡುತ್ತಿದೆ. ಬೆಂಗಳೂರು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸಾಗುತ್ತಿದೆಯೆಂದು ಅದು ತೋರಿಸಿಕೊಟ್ಟಿದೆ. ಹೆಚ್ಚುಕಡಿಮೆ ಕೈಬೆರಳ ಉಗುರು ಬೆಳೆಯುವ ವೇಗ ಅದು. ಈ ಚಲನೆಯಲ್ಲಿ ಸುಮಾರು 2 ಸೆಂಟಿಮೀಟರ್ ಹಿಮಾಲಯದಲ್ಲೇ ಸಂಕೋಚವಾಗಿ ಸೇರಿಹೋಗುತ್ತಿದೆ.

ಇಲ್ಲಿ ನಮ್ಮ ವಿಷಯ ಪುಸ್ತಕದಿಂದ ಇಳಿದು ಜನರ ಮನೆಬಾಗಿಲಿಗೆ ಬರುತ್ತದೆ. ಹಿಮಾಲಯದ ಉತ್ತರ ಭಾಗದ ಅಡಿಯಲ್ಲಿ, ಸುಮಾರು 15-20 ಕಿಲೋಮೀಟರಿಗಿಂತ ಆಳದಲ್ಲಿ, ಶಿಲೆ ಬಿಸಿಯಾಗಿದೆ. ಭಾರತದ ಫಲಕ ಅಲ್ಲಿ ಸದ್ದಿಲ್ಲದೆ ತೆವಳಿಕೊಂಡು ಒಳಗೆ ಸರಿಯುತ್ತದೆ. ಆದರೆ ದಕ್ಷಿಣದ ಕಡೆ, ಮೇಲಿನ ತಂಪಾದ ಭಾಗದಲ್ಲಿ, ಎರಡು ಶಿಲೆಗಳು ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡಿವೆ. ಅಲ್ಲಿ ತೆವಳುವಿಕೆ ಇಲ್ಲ. ಕೆಳಗೆ ಪ್ರತಿವರ್ಷ ಸರಿದ 2 ಸೆಂಟಿಮೀಟರ್ ಮೇಲೆ ಬಾಕಿಯಾಗಿ ಉಳಿಯುತ್ತದೆ. ನೂರು ವರ್ಷಕ್ಕೆ ಬಾಕಿ 2 ಮೀಟರ್. ಐನೂರು ವರ್ಷಕ್ಕೆ 10 ಮೀಟರ್. ಈ ಬಾಕಿ ತೀರಲೇಬೇಕು, ಮತ್ತು ತೀರುವುದು ಒಂದೆರಡು ನಿಮಿಷಗಳಲ್ಲಿ. 1934 ರಲ್ಲಿ ಬಿಹಾರ-ನೇಪಾಳದಲ್ಲಿ, 1950 ರಲ್ಲಿ ಅಸ್ಸಾಂನಲ್ಲಿ ತೀರಿದ್ದು ಹೀಗೆ. 2015 ರ ಏಪ್ರಿಲ್ 25 ರಂದು ನೇಪಾಳದಲ್ಲಿ 7.8 ಪ್ರಮಾಣದ ಭೂಕಂಪವಾದಾಗ ಕಾಠ್ಮಂಡು ಕಣಿವೆ ಸುಮಾರು 1 ಮೀಟರ್ ಮೇಲೆದ್ದಿತು. ಸುಮಾರು 9,000 ಜನ ಸತ್ತರು. ಅದರ ಪಶ್ಚಿಮಕ್ಕಿರುವ ಹಿಮಾಲಯದ ಭಾಗದಲ್ಲಿ ಹಲವು ಶತಮಾನಗಳಿಂದ ಬಾಕಿ ಬೆಳೆಯುತ್ತಲೇ ಇದೆ ಎಂಬುದು ವಿಜ್ಞಾನಿಗಳ ಕಳವಳ.

ಒಡೆದ ಮೇಲೂ ಕಥೆ ನಿಲ್ಲುವುದಿಲ್ಲ. 2004 ರ ಡಿಸೆಂಬರ್ 26 ರ ಸುಮಾತ್ರಾ ಭೂಕಂಪದಲ್ಲಿ ಪೋರ್ಟ್ ಬ್ಲೇರಿನ ನೆಲ ಸುಮಾರು 1 ಮೀಟರ್ ತಗ್ಗಿತು. ಅನಂತರದ ವರ್ಷಗಳಲ್ಲಿ ಅಂಡಮಾನಿನ ನೆಲ ಸದ್ದಿಲ್ಲದೆ ಸರಿಯುತ್ತಲೇ ಇದ್ದುದನ್ನು ಅಲ್ಲಿನ ಜಿ.ಪಿ.ಎಸ್. ಉಪಕರಣಗಳು ದಾಖಲಿಸಿದವು. ಆಳದ ಶಿಲೆ ಹೊಸ ಸ್ಥಿತಿಗೆ ನಿಧಾನವಾಗಿ ಹೊಂದಿಕೊಳ್ಳುತ್ತಿದ್ದುದೂ ಅದಕ್ಕೆ ಒಂದು ಕಾರಣ.

ಈ ಎಲ್ಲ ಅಳತೆಗಳಿಂದ ಭೂಕಂಪ ಯಾವ ದಿನ ಆಗುತ್ತದೆಂದು ಹೇಳಬಹುದೆ ಎಂದು ನೀವು ಕೇಳಬಹುದು. ಇಲ್ಲ. ಬಾಕಿ ಎಷ್ಟಿದೆ ಎಂದು ಹೇಳಬಹುದು. ಸಾಲಗಾರ ಯಾವತ್ತು ಬಾಗಿಲು ತಟ್ಟುತ್ತಾನೆಂದು ಹೇಳಲಾಗದು. ಆದರೆ ಬಾಕಿ ಇದೆಯೆಂದು ತಿಳಿದ ಮೇಲೂ ದುರ್ಬಲವಾದ ಶಾಲೆಗಳನ್ನು, ಆಸ್ಪತ್ರೆಗಳನ್ನು ಕಟ್ಟುತ್ತ ಹೋದರೆ ಆ ತಪ್ಪು ಕಲ್ಲಿನದಲ್ಲ, ನಮ್ಮದು. ನಿಮ್ಮಲ್ಲಿ ಕೆಲವರು ನಾಳೆ ಎಂಜಿನಿಯರುಗಳಾಗುತ್ತೀರಿ, ಅಧಿಕಾರಿಗಳಾಗುತ್ತೀರಿ. ವರ್ಷಕ್ಕೆ 2 ಸೆಂಟಿಮೀಟರ್ ಎಂಬ ಚಿಕ್ಕ ಅಂಕಿಯನ್ನು ಆಗ ದಯವಿಟ್ಟು ನೆನಪಿಸಿಕೊಳ್ಳಿ. ದಕ್ಷಿಣದಲ್ಲಿರುವ ನಾವು ಇದು ದೂರದ ಮಾತೆಂದು ತಿಳಿಯಬೇಕಾಗಿಲ್ಲ. ಹಳೆಯದು, ತಣ್ಣಗಿನದು, ಸ್ಥಿರವಾದದ್ದು ಎಂದು ಹೆಸರಾದ ಈ ಪರ್ಯಾಯ ದ್ವೀಪದಲ್ಲೇ 1993 ರ ಸೆಪ್ಟೆಂಬರ್ 30 ರ ಬೆಳಗಿನ ಜಾವ, ನಮ್ಮ ರಾಜ್ಯದ ಗಡಿಗೆ ಹತ್ತಿರದ ಕಿಲ್ಲಾರಿಯಲ್ಲಿ ನೆಲ ನಡುಗಿ ಸಾವಿರಾರು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿಯನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಅವರದೇ ಮನೆಗಳ ದಪ್ಪ ಕಲ್ಲುಗೋಡೆಗಳು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಎರಡು ಬಣ್ಣದ ಕಣಕವನ್ನು ಪದರ ಪದರವಾಗಿ ಹಾಸಿ, ಮೇಲೊಂದು ಹಲಗೆಯಿಟ್ಟು, ಎರಡು ಕಡೆಯಿಂದ ನಿಧಾನವಾಗಿ ಒತ್ತಿ ನೋಡಿ. ಅನಂತರ ಚಾಕುವಿನಿಂದ ಅಡ್ಡಲಾಗಿ ಕತ್ತರಿಸಿ. ಆಮೇಲೆ ಲಾಲ್‌ಬಾಗ್‌ನ ಬಂಡೆಯನ್ನೋ, ನಿಮ್ಮ ಊರಿನ ಕಲ್ಲುಗಣಿಯ ಪಟ್ಟೆ ಪಟ್ಟೆಯ ಕಲ್ಲನ್ನೋ ಹೋಗಿ ನೋಡಿ. ಎರಡನ್ನೂ ಹೋಲಿಸಿ.

ಪತ್ರ ಬರೆದ ವಿದ್ಯಾರ್ಥಿನಿ ಈಗ ಕಾಲೇಜು ಮುಗಿಸಿರಬಹುದು. ಆಕೆ ಇದನ್ನು ಓದಿದರೆ ಒಂದು ಮಾತು ಹೇಳಬೇಕು: ತಾಯಿ, ನಿನ್ನ ಪುಸ್ತಕ ಹೇಳಿದ್ದು ಸರಿ. ಅಲ್ಲಿ ಕರಗಿದ ಸಾಗರವಿಲ್ಲ. ಅಲ್ಲಿರುವುದು ಕಲ್ಲೇ. ಆದರೆ ಅದಕ್ಕೆ ನಮಗಿಂತ ಹೆಚ್ಚು ಸಮಯವಿದೆ. ಟೆಲಿವಿಷನ್ನಿನವರು ಹೇಳಿದರೆಂದು ನಂಬದೆ ಪುಸ್ತಕ ತೆಗೆದು ನೋಡಿದೆಯಲ್ಲ, ಆ ಅಭ್ಯಾಸ ಬಿಡಬೇಡ.